ಲಾರಿ ಚಾಲಕರಾಗ ಹೊರಟವರಿಗೆ ಎರಡು ಮಾತು

(ಭಾನುವಾರ ಬೆಳಿಗ್ಗೆ ಸಂಘದ ಕೊಠಡಿಯಲ್ಲಿ ಸೇರಿದ್ದ ಹೊಸ ಚಾಲಕರು ಮತ್ತು ಕ್ಲೀನರುಗಳ ಕೂಟದಲ್ಲಿ ಮಾಡಿದ ಭಾಷಣ)



ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇವೆ. ಲಾರಿಯ ವಿಷಯ ಮಾತನಾಡಲು ಎದ್ದು ನಿಂತಿರುವ ನಾವು ಲಾರಿ ಓಡಿಸಿದವರಲ್ಲ. ನಾವು ಹೋಟೆಲಿನವರು. ಏಳನೆಯ ತರಗತಿ ಮುಗಿಸಿ, ಬಸ್ಸು ಹತ್ತಿ ಮುಂಬಯಿಗೆ ಬಂದು, ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಕೊನೆಗೆ ಆರ್ಡರು ಕೂಗುವ ಮಟ್ಟಕ್ಕೆ ಏರಿದವರು. ಆದರೆ ಖೋಪೋಲಿಯ ಹತ್ತಿರ, ಹಳೆಯ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ರಾತ್ರಿ ಪಾಳಿ ಮಾಡಿದ್ದೇವೆ. ಬೆಳಗಿನ ಜಾವ ಮೂರು ಗಂಟೆಗೆ ಘಾಟಿ ಇಳಿದು ಬಂದ ಚಾಲಕರು ಕೆಂಡದಂಥ ಕಣ್ಣು ಮಾಡಿಕೊಂಡು ಬೆಂಚಿನ ಮೇಲೆ ಕುಸಿದು ‘ಅಣ್ಣಾ, ಒಂದು ಕಡಕ್ ಚಹಾ’ ಎನ್ನುತ್ತಿದ್ದರು. ಅವರಿಗೆ ಚಹಾ ಕೊಟ್ಟ ಕೈಗಳು ಇವು. ವಾರಕ್ಕೆರಡು ಸಲ ಬರುತ್ತಿದ್ದ ಕೆಲವರು ಒಂದು ದಿನದಿಂದ ಬರುವುದೇ ನಿಂತಿತು. ಯಾರು ಊರಿಗೆ ಹೋದರೋ, ಯಾರು ದಾರಿಯಲ್ಲೇ ಉಳಿದರೋ, ಚಹಾ ಕೊಟ್ಟವರಿಗೆ ಯಾರು ಬಂದು ಹೇಳುತ್ತಾರೆ? ಆಮೇಲೆ ಸಂಘದ ಕೆಲಸಕ್ಕೆ ಬಂದ ಮೇಲೆ ಅವರ ಕಾಗದಪತ್ರಗಳು ನಮ್ಮ ಕೈಗೆ ಬರತೊಡಗಿದವು. ನಾವು ಹೇಳುವುದೆಲ್ಲ ಆ ಕಾಗದಗಳಿಂದಲೂ, ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯ ಚಾಲಕರ ಬಾಯಿಂದಲೂ ಕಲಿತದ್ದು. ತಪ್ಪಿದ್ದರೆ ಅವರು ಅಲ್ಲಿಂದಲೇ ತಿದ್ದಲಿ.

ಹೋಟೆಲು ಬಿಟ್ಟು ಲಾರಿಗೆ ಹೋಗುವ ಹುಡುಗರು ನಮ್ಮಲ್ಲಿ ಹೊಸಬರಲ್ಲ. ಯಾಕಪ್ಪಾ ಎಂದು ಕೇಳಿದರೆ ಎಲ್ಲರೂ ಹೆಚ್ಚು ಕಡಿಮೆ ಒಂದೇ ಉತ್ತರ ಹೇಳುತ್ತಾರೆ. ‘ಇಲ್ಲಿ ಗಲ್ಲಾದಲ್ಲಿ ಕುಳಿತವನ ಕಣ್ಣು ದಿನವಿಡೀ ಬೆನ್ನ ಮೇಲೆ. ಅಲ್ಲಾದರೆ ನಾನೇ ರಾಜ, ಕೇಳುವವರಿಲ್ಲ.’ ಈ ಆಸೆಯನ್ನು ನಾವು ತಮಾಷೆ ಮಾಡುವುದಿಲ್ಲ. ನಮಗೂ ಅದು ಇತ್ತು. ಆದರೆ ಲಾರಿಯಲ್ಲಿ ಗಲ್ಲಾ ಕಾಣುವುದಿಲ್ಲವೆಂದ ಮಾತ್ರಕ್ಕೆ ಗಲ್ಲಾ ಇಲ್ಲವೆಂದಲ್ಲ. ಎಷ್ಟು ಮಾಲು ಹೇರಬೇಕೆಂದು ಹೇಳುವವನು ಒಬ್ಬ, ಎಷ್ಟು ಹೊತ್ತಿಗೆ ಮುಟ್ಟಬೇಕೆಂದು ಹೇಳುವವನು ಇನ್ನೊಬ್ಬ. ಗಾಡಿ ಎಲ್ಲಿ ನಿಂತಿತು, ಎಷ್ಟು ನಿಮಿಷ ನಿಂತಿತು ಎಂದು ತೋರಿಸುವ ಯಂತ್ರ ಗಾಡಿಯಲ್ಲೇ ಇದೆ. ಗಾಡಿ ಅವರದು, ಮಾಲು ಅವರದು, ಹೊತ್ತು ಅವರದು. ಲೈಸೆನ್ಸು ಮತ್ತು ಮೈ ಮಾತ್ರ ನಿಮ್ಮದು. ಏನಾದರೂ ಆದಾಗ ಹಿಡಿಯುವುದು ಆ ಎರಡನ್ನೇ. ಆದುದರಿಂದ ಗೇರು, ಕ್ಲಚ್ಚು ಕಲಿಯುವುದರ ಜೊತೆಗೆ, ಯಾವ ಸಮಯದಲ್ಲಿ ‘ಆಗುವುದಿಲ್ಲ’ ಎನ್ನಬೇಕು, ಅಂದದ್ದಕ್ಕೆ ಸಾಕ್ಷಿ ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನೂ ಕಲಿಯಬೇಕು. ನಮಗೆ ಹೇಳಲಿಕ್ಕಿರುವುದು ಇದೇ.

ಲೈಸೆನ್ಸಿನ ವಿಷಯ ಬೇಗ ಮುಗಿಸುತ್ತೇವೆ. ಲಾರಿ ಓಡಿಸಲು 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸು ಸಿಕ್ಕಿ ಕನಿಷ್ಠ ಒಂದು ವರ್ಷ ಕಳೆದಿರಬೇಕು. ವೈದ್ಯರ ಸರ್ಟಿಫಿಕೇಟು ಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಬಂಧನೆಯನ್ನು 2019ರಲ್ಲಿ ತೆಗೆದುಹಾಕಿದರು. ಆದುದರಿಂದ ‘ಶಾಲೆಯ ಸರ್ಟಿಫಿಕೇಟು ನಾನೇ ಮಾಡಿಸಿಕೊಡುತ್ತೇನೆ, ಇಷ್ಟು ಕೊಡು’ ಎನ್ನುವ ಏಜೆಂಟನಿಗೆ ಬಾಗಿಲು ತೋರಿಸಿ. ಗಾಡಿ ಮತ್ತು ಮಾಲು ಸೇರಿ 7,500 ಕಿಲೋ ಮೀರದ ಟೆಂಪೊವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ನಮ್ಮ ಹಿರಿಯರು ಹೇಳುವುದೂ ಅದನ್ನೇ: ಒಂದೆರಡು ವರ್ಷ ಟೆಂಪೊ ಓಡಿಸಿ ಊರಿನ ಗಲ್ಲಿಗಳಲ್ಲಿ ಕೈ ಪಳಗಲಿ, ಆಮೇಲೆ ದೊಡ್ಡ ಗಾಡಿ. ಲಾರಿಯ ಲೈಸೆನ್ಸು ಐದು ವರ್ಷ ನಡೆಯುತ್ತದೆ. ಮುಗಿಯುವ ಒಂದು ವರ್ಷ ಮುಂಚಿನಿಂದಲೇ ಹೊಸತಾಗಿಸಲು ಅರ್ಜಿ ಹಾಕಬಹುದು. ಮುಗಿದು ವರ್ಷ ದಾಟಿದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಮುಗಿದ ಲೈಸೆನ್ಸಿನಲ್ಲಿ ಗಾಡಿ ಓಡಿಸಿ ಅಪಘಾತವಾದರೆ ವಿಮಾ ಕಂಪೆನಿ ಮೊದಲು ಹಿಡಿಯುವ ನೆಪ ಅದೇ. ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಅಸಲು ಲೈಸೆನ್ಸನ್ನು ‘ಆಫೀಸಿನಲ್ಲಿ ಇರಲಿ’ ಎಂದು ಯಾವ ಮಾಲಿಕ ಕೇಳಿದರೂ ಕೊಡಕೂಡದು. ನಕಲು ಕೊಡಿ. ಲೈಸೆನ್ಸು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನು, ಪಗಾರ ಕೇಳಿದ ದಿನ ಅದರ ಬೀಗದ ಕೈಯನ್ನೂ ಮರೆತುಬಿಡುತ್ತಾನೆ.

ಈಗ ನಿದ್ರೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಅರುವತ್ತೈದು ಮೀಟರಿಗೂ ಮೇಲೆ ಗಾಡಿ ಚಾಲಕನಿಲ್ಲದೆ ಓಡಿತೆಂದು ತಿಳಿಯಿರಿ. ಇದು ಗೊರಕೆ ಹೊಡೆಯುವ ನಿದ್ರೆಯಲ್ಲ. ಕಣ್ಣು ತೆರೆದಿರುವಂತೆಯೇ ಮಿದುಳು ಕ್ಷಣಕಾಲ ಮಲಗುತ್ತದೆ, ಮಲಗಿದ್ದು ನಮಗೇ ತಿಳಿಯುವುದಿಲ್ಲ. ರಾತ್ರಿ ಎರಡರಿಂದ ಐದರವರೆಗೆ, ಮತ್ತೆ ಮಧ್ಯಾಹ್ನ ಊಟವಾದ ಮೇಲೆ, ಮೈ ತಾನಾಗಿಯೇ ನಿದ್ರೆಗೆ ಜಾರುತ್ತದೆ. ಹಿಂದಿನ ಟೋಲ್ ನಾಕಾ ಯಾವಾಗ ದಾಟಿದೆವೆಂದು ನೆನಪಿಗೆ ಬಾರದಿದ್ದರೆ, ಸುಮ್ಮನೆ ಗೇರು ತಪ್ಪತೊಡಗಿದರೆ, ಎದುರಿನ ದೀಪಗಳು ಎರಡೆರಡಾಗಿ ಕಂಡರೆ, ಅಷ್ಟಕ್ಕೇ ಸಾಕು. ಕಿಟಕಿ ತೆರೆದು ಗಾಳಿ ಹೊಡೆಸಿಕೊಳ್ಳುವುದು, ಗುಟ್ಕಾ ಹಾಕುವುದು, ರೇಡಿಯೊ ಜೋರು ಮಾಡುವುದು, ಇವುಗಳಿಂದ ನಿದ್ರೆ ಹೋಗುವುದಿಲ್ಲ. ನಿದ್ರೆ ಹೋಯಿತೆಂಬ ಭ್ರಮೆ ಮಾತ್ರ ಬರುತ್ತದೆ. ಮಾತ್ರೆ ನುಂಗಿ ಎಚ್ಚರವಿರುವವರ ಕತೆ ಇನ್ನೂ ಕೆಟ್ಟದ್ದು.

ಚಹಾ ಮಾರಿದವರಾಗಿ ಚಹಾದ ಗುಟ್ಟು ಒಂದನ್ನು ಹೇಳುತ್ತೇವೆ. ಚಹಾ ಹೊಟ್ಟೆಗಿಳಿದು ತಲೆಗೆ ಹತ್ತಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕುಡಿದ ಕೂಡಲೇ ಹೊರಟವನು ಅಷ್ಟು ಹೊತ್ತು ಮೊದಲಿನಷ್ಟೇ ನಿದ್ದೆಗಣ್ಣಿನಲ್ಲಿ ಗಾಡಿ ನಡೆಸುತ್ತಾನೆ. ಆದುದರಿಂದ ಚಹಾ ಕುಡಿದು ಹೊರಡಬೇಡಿ. ಚಹಾ ಕುಡಿದು, ಇಪ್ಪತ್ತು ನಿಮಿಷಕ್ಕೆ ಗಂಟೆ ಇಟ್ಟು, ಸೀಟಿನಲ್ಲೇ ಮಲಗಿ. ಏಳುವ ಹೊತ್ತಿಗೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಇದರಿಂದ ಮುಂದಿನ ಊರಿನವರೆಗೆ ಹೋಗಬಹುದು, ಅಷ್ಟೇ. ರಾತ್ರಿಯ ನಿದ್ರೆಯ ಸಾಲವನ್ನು ಚಹಾ ತೀರಿಸುವುದಿಲ್ಲ. ಗಾಡಿ ನಿಲ್ಲಿಸುವಾಗ ರಸ್ತೆಯ ಅಂಚಿನಲ್ಲಲ್ಲ, ಪೆಟ್ರೋಲು ಬಂಕಿನಲ್ಲೋ ಢಾಬಾದ ಅಂಗಳದಲ್ಲೋ ನಿಲ್ಲಿಸಿ. ದೀಪವಿಲ್ಲದೆ ನಿಂತ ಲಾರಿಯ ಬೆನ್ನಿಗೆ ಬಂದು ಹೊಡೆದು ಸತ್ತವರು ಎಷ್ಟೋ ಮಂದಿ. ಕೆಟ್ಟು ನಿಂತರೆ ಸಿಗ್ನಲು ದೀಪ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿಡಿ. ಕೆಲವರು ಕಲ್ಲು, ಮರದ ಕೊಂಬೆ ಇಟ್ಟು, ರಿಪೇರಿಯಾದ ಮೇಲೆ ಅವನ್ನು ಅಲ್ಲಿಯೇ ಬಿಟ್ಟು ಹೊರಟುಹೋಗುತ್ತಾರೆ. ಆ ಕಲ್ಲು ರಾತ್ರಿ ಬೈಕಿನಲ್ಲಿ ಬರುವ ಯಾರೋ ಒಬ್ಬನಿಗಾಗಿ ಕಾದು ಕುಳಿತಿರುತ್ತದೆ.

‘ನಿಲ್ಲಿಸಬಾರದು, ಇ-ವೇ ಬಿಲ್ಲು ಮುಗಿದುಹೋಗುತ್ತದೆ’ ಎಂದು ಆಫೀಸಿನಿಂದ ಫೋನು ಬರುತ್ತದೆ. ಹೊಸ ಹುಡುಗ ಹೆದರಿ ಓಡಿಸುತ್ತಾನೆ. ಲೆಕ್ಕ ತಿಳಿದುಕೊಳ್ಳಿ. 2021ರ ಜನವರಿ 1ರಿಂದ ಆ ಬಿಲ್ಲಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಮುಂಬಯಿಯಿಂದ ಬೆಂಗಳೂರಿಗೆ ಸಾವಿರಕ್ಕೆ ಸ್ವಲ್ಪ ಕಡಿಮೆ, ಎಂದರೆ ಐದು ದಿನ. ಗಾಡಿ ಕೆಟ್ಟರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ಅನಂತರದವರೆಗೆ ಅದನ್ನು ಮುಂದೂಡಲೂಬಹುದು. ಹಾಗಿರುವಾಗ ಒಂದು ರಾತ್ರಿಯ ನಿದ್ರೆಗೆ ಬಿಲ್ಲು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮುಂದಿನ ಬಾಡಿಗೆಯ ಆಸೆ. ಮೀನು, ತರಕಾರಿ ಹೊತ್ತ ಗಾಡಿಗೆ ಅವಸರವಿದೆ, ಒಪ್ಪಿದೆವು. ಹಾಗಾದರೆ ಇಬ್ಬರು ಚಾಲಕರನ್ನು ಕಳಿಸಬೇಕು. ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮ ಹಿಂದೆ ಇತ್ತು. 2018ರಲ್ಲಿ ಅದನ್ನು ಕೈಬಿಟ್ಟರು. ಅಂದಿನಿಂದ ಇಬ್ಬರ ನಿದ್ರೆಗೆಡುವ ಕೆಲಸ ಒಬ್ಬನ ಪಾಲಿಗೆ ಬಂದಿದೆ. ದಿನಕ್ಕೆ ಎಂಟು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಂದು ಆ ಕಾಯಿದೆ ಹೋಗಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಿತು. ಅದರಲ್ಲೂ ಎಂಟು ಗಂಟೆಯ ಮಾತಿದೆ. ಕಾಗದದಲ್ಲಿ ಅಂದೂ ಎಂಟು, ಇಂದೂ ಎಂಟು. ಹೆದ್ದಾರಿಯಲ್ಲಿ ಎಷ್ಟೆಂದು ಹಿಂದಿನ ಸಾಲಿನ ನಗುವೇ ಹೇಳುತ್ತಿದೆ.

ಇನ್ನು ಘಾಟಿ. ಖಂಡಾಲೆಯಿರಲಿ, ಖಂಬಾಟಕಿಯಿರಲಿ, ನಮ್ಮ ಶಿರಾಡಿಯಿರಲಿ, ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂದು ಹಿರಿಯರು ಹೇಳುತ್ತಾರೆ. ಅದು ಬರಿಯ ಗಾದೆಯಲ್ಲ. ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲಿಗೆ ಹಾಕಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಂಜಿನ್ನನ್ನೇ ಆರಿಸುತ್ತಾರೆ. ಇಂಜಿನ್ನು ನಿಂತರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಂತಿತು, ಸ್ಟಿಯರಿಂಗೂ ಕಲ್ಲಾಯಿತು. ಪದೇ ಪದೇ ಪೆಡಲು ತುಳಿದರೆ ಟ್ಯಾಂಕಿನ ಗಾಳಿ ಮುಗಿಯುತ್ತ ಬರುತ್ತದೆ.

ಪುಣೆಯಲ್ಲಿ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದಕ್ಕೂ ಇಳಿಜಾರು. ನೋಡುವುದಕ್ಕೆ ಘಾಟಿಯಂತೆ ಕಾಣುವುದಿಲ್ಲ, ಅದೇ ಅದರ ಮೋಸ. 2022ರ ನವೆಂಬರ್ 20ರ ರಾತ್ರಿ ಸಾತಾರದ ಕಡೆಯಿಂದ ಬಂದ ಒಂದು ಲಾರಿ ಅಲ್ಲಿ ಹತೋಟಿ ತಪ್ಪಿ, ಹತ್ತಾರು ವಾಹನಗಳು ಜಜ್ಜಿಹೋದವು. ಇಳಿಜಾರಿನಲ್ಲಿ ಇಂಜಿನ್ನು ಆರಿಸಿದ್ದೇ ಕಾರಣವೆಂದು ಪೊಲೀಸರು ಹೇಳಿದರು. ಯಾಕೆ ಆರಿಸುತ್ತಾರೆ? ಡೀಸೆಲು ಉಳಿಸಲು. ಡೀಸೆಲು ಉಳಿಸಿದವನಿಗೆ ಇನಾಮು, ಹೆಚ್ಚು ಸುಟ್ಟವನ ಪಗಾರದಲ್ಲಿ ಕಡಿತ ಎಂದು ಲೆಕ್ಕ ಬರೆಯುವವರು ಇರುವವರೆಗೆ ಚಾಲಕನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಆದರೂ ಇದೊಂದನ್ನು ತಿಳಿದಿರಿ. 2020ರ ಏಪ್ರಿಲಿನ ಅನಂತರ ಬಂದ ಬಿ.ಎಸ್. 6 ಗಾಡಿಗಳಲ್ಲಿ, ಗೇರಿನಲ್ಲಿಟ್ಟು ಎಕ್ಸಲೇಟರಿನಿಂದ ಕಾಲು ತೆಗೆದರೆ ಇಂಜಿನ್ನಿಗೆ ಡೀಸೆಲು ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಿ ಇಂಜಿನ್ನು ಉರಿಯುತ್ತಿರಲು ಡೀಸೆಲು ಬೇಕೇ ಬೇಕು. ಎಂದಮೇಲೆ ಯಾವ ಉಳಿತಾಯಕ್ಕಾಗಿ ಪ್ರಾಣ ಪಣವಿಡುತ್ತೇವೋ ಆ ಉಳಿತಾಯವೇ ಸುಳ್ಳು.

ಬೆಳಿಗ್ಗೆ ಹೊರಡುವ ಮುಂಚೆ ಟಯರುಗಳನ್ನು ರಾಡಿನಿಂದ ತಟ್ಟಿ ನೋಡುವುದು, ಜೋಡಿ ಟಯರಿನ ನಡುವೆ ಸಿಕ್ಕಿದ ಕಲ್ಲು ತೆಗೆಯುವುದು, ಗಾಳಿಯ ಟ್ಯಾಂಕಿನ ನೀರು ಬಿಡುವುದು, ಹಗ್ಗ ಟಾರ್ಪಾಲು ಎಳೆದು ನೋಡುವುದು, ಇವನ್ನೆಲ್ಲ ನಿಮ್ಮ ಉಸ್ತಾದರು ಕಲಿಸುತ್ತಾರೆ. ನಾವು ಹೇಳುವುದು ಅಧಿಕಪ್ರಸಂಗ. ಊರೊಳಗೆ ಎಡಕ್ಕೆ ತಿರುಗುವಾಗ ಮಾತ್ರ ಎರಡು ಸಲ ನೋಡಿ. ಎಡಬದಿಯಲ್ಲಿ ಬಂದು ನಿಂತ ಸೈಕಲಿನವನು ಕನ್ನಡಿಯಲ್ಲಿ ಕಾಣುವುದಿಲ್ಲ.

ಮಾಲು ಹೇರುವ ವಿಷಯಕ್ಕೆ ಬರೋಣ. ಮೂರು ಆಕ್ಸಲಿನ ಹತ್ತು ಚಕ್ರದ ಗಾಡಿಗೆ ಮೊದಲು ಒಟ್ಟು ತೂಕ 25 ಟನ್ ಎಂದಿತ್ತು, 2018ರಲ್ಲಿ 28.5 ಮಾಡಿದರು. ನಿಮ್ಮ ಗಾಡಿಯದು ಎಷ್ಟೆಂಬುದು ಆರ್.ಸಿ.ಯಲ್ಲಿದೆ, ಅದನ್ನು ಓದಿಕೊಳ್ಳಿ. ಮೀರಿದರೆ ಕೇಂದ್ರದ ಕಾಯಿದೆಯ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಮೂರು ಟನ್ ಹೆಚ್ಚಿದ್ದರೆ 26,000. ‘ಓಡಿಸಿದವನು ನೀನು, ನೀನೇ ಕಟ್ಟು’ ಎನ್ನುವ ಮಾಲಿಕರಿದ್ದಾರೆ. ಆದರೆ ಕಾಯಿದೆಯಲ್ಲಿ ಓಡಿಸಿದವನ ಜೊತೆಗೆ ಓಡಿಸುವಂತೆ ಮಾಡಿದವನ ಹೆಸರೂ ಇದೆ. ಚಾಲಕನು ಮಾಲಿಕನಲ್ಲದಿದ್ದರೆ, ಮಾಲಿಕನಿಗೆ ತಿಳಿದೇ ಅಥವಾ ಅವನ ಅಪ್ಪಣೆಯಿಂದಲೇ ಆಯಿತೆಂದು ಕೋರ್ಟು ಭಾವಿಸಬಹುದು ಎಂದು 113ನೆಯ ಕಲಮಿನಲ್ಲಿ ಬರೆದಿದೆ. ಆದುದರಿಂದ ಕಾಟಾ ಚೀಟಿಯ ಫೋಟೊ ತೆಗೆದು, ಹೊರಡುವ ಮುನ್ನವೇ ಮಾಲಿಕನ ಫೋನಿಗೆ ಕಳಿಸಿ. ಜಗಳ ಬೇಡ, ಮಾತೂ ಬೇಡ, ಚೀಟಿ ಕಳಿಸಿದರೆ ಸಾಕು. ಬಿಲ್ಟಿಗೆ ಸಹಿ ಹಾಕುವ ಮೊದಲು ಚೀಲ ಎಣಿಸಿ. ಖಾಲಿ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಬೇಡ. ‘ಮಾಲು ಕಡಿಮೆ ಬಂತು’ ಎಂದು ಪಗಾರ ಹಿಡಿಯುವುದು ಅಂಥ ಕಾಗದದಿಂದಲೇ.

ದೇವರು ತಪ್ಪಿಸಲಿ, ಅಪಘಾತವಾದರೆ ಏನು ಮಾಡಬೇಕು? ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಕರ್ತವ್ಯ. ಆದರೆ ಜನ ರೊಚ್ಚಿಗೆದ್ದು ಸೇರಿದರೆ ಅದು ಸಾಧ್ಯವಾಗಲಿಕ್ಕಿಲ್ಲವೆಂಬುದನ್ನು 134ನೆಯ ಕಲಮೇ ಒಪ್ಪಿಕೊಳ್ಳುತ್ತದೆ. ಹಾಗಾದಾಗ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ, ಫೋನು ಮಾಡಿ; ಹತ್ತಿರದ ಠಾಣೆಗೆ ನೀವೇ ಹೋಗಿ ತಿಳಿಸಿ. ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಹೊಸ ಕಲಮಿನ ವಿರುದ್ಧ 2024ರ ಜನವರಿ ಮೊದಲಲ್ಲಿ ದೇಶದ ಚಾಲಕರು ಚಕ್ರ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಆ ವರ್ಷ ಜುಲೈ 1ರಂದು ಹೊಸ ದಂಡ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ತಡೆಹಿಡಿಯುತ್ತಿದ್ದರೇ?

ಕೊನೆಯದಾಗಿ ಒಬ್ಬ ಹುಡುಗನ ವಿಷಯ. ಕುಂದಾಪುರದ ಕಡೆಯವನು, ನಮ್ಮ ಜೊತೆ ಮೇಜು ಒರೆಸಿದವನು. ಹೆಸರು ಬೇಡ. ಹೋಟೆಲಿನಲ್ಲಿ ಗಿರಾಕಿಗಳ ಲೆಕ್ಕ ಬರೆಯುವ ಅಭ್ಯಾಸವಾಗಿ, ಲಾರಿಗೆ ಹೋದ ಮೇಲೂ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದ. ಎಲ್ಲರೂ ನಗುತ್ತಿದ್ದೆವು. 2022ರಲ್ಲಿ ಕಳಂಬೋಲಿಯಿಂದ ಕಬ್ಬಿಣ ಹೇರಿಕೊಂಡು ಹೋಗುವಾಗ ಮೂರನೆಯ ರಾತ್ರಿ ಕಣ್ಣು ಮುಚ್ಚಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಆಸ್ಪತ್ರೆಯಲ್ಲಿ ಮಲಗಿದ್ದವನ ವಿಷಯ ಮಾತನಾಡಲು ನಾವು ಮಾಲಿಕನ ಬಳಿಗೆ ಹೋದೆವು. ‘ಅವನು ನಮ್ಮ ಡ್ರೈವರೇ ಅಲ್ಲ, ಅಂದು ಯಾರೋ ಹೇಳಿದರೆಂದು ಗಾಡಿ ಕೊಟ್ಟಿದ್ದೆ’ ಎಂದರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪಗಾರದ ಚೀಟಿಯಿಲ್ಲ, ನೇಮಕದ ಕಾಗದವಿಲ್ಲ. ಹದಿನಾಲ್ಕು ತಿಂಗಳು ದುಡಿದವನು ಯಾರೂ ಅಲ್ಲದವನಾದ.

ಆಗ ಆ ಸಣ್ಣ ಪುಸ್ತಕ ಹೊರಬಂತು. ಗಾಡಿಯ ನಂಬರು, ಎಲ್ಲಿ ಹೇರಿದ್ದು, ಕಾಟಾ ತೂಕ, ಕೈಗೆ ಬಂದ ಬಾಟಾ, ನಿದ್ರೆ ಎಷ್ಟು ಗಂಟೆ, ದಿನಕ್ಕೊಂದು ಸಾಲು. ಕೊನೆಯ ಮೂರು ಸಾಲು ನಮಗೆ ಬಾಯಿಪಾಠವಾಗಿದೆ. ‘ತಾ. 9: ಕಾಟಾ 31 ಟನ್. ಬಾಟಾ 1,500. ನಿದ್ರೆ ಎರಡು ಗಂಟೆ. ತಾ. 10: ಟಯರು ಪಂಕ್ಚರು. ನಿದ್ರೆ ಇಲ್ಲ. ತಾ. 11: ಸೇಠರಿಗೆ ಫೋನು ಮಾಡಿ ಮಲಗುತ್ತೇನೆ ಎಂದೆ. ನಡೆ ಎಂದರು.’ ಫೋನಿನ ದಾಖಲೆ ತೆಗೆಸಿದಾಗ ಆ ಹೊತ್ತಿನ ಕರೆ ಅಲ್ಲಿತ್ತು. ಬಾಟಾ ಕಳಿಸಿದ ದಿನಗಳು ಬ್ಯಾಂಕಿನ ಪುಸ್ತಕದೊಂದಿಗೆ ಹೊಂದಿದವು. 1923ರ ಪರಿಹಾರ ಕಾಯಿದೆ ಆಗ ಇನ್ನೂ ಜಾರಿಯಲ್ಲಿತ್ತು. ಈಗ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಹದಿನೆಂಟು ತಿಂಗಳು ಅಲೆದ ಮೇಲೆ ಅವನು ಚಾಲಕನೇ ಹೌದೆಂದು ಆದೇಶವಾಯಿತು, ಗಾಡಿಯ ವಿಮೆಯಿಂದ ಹಣ ಬಂತು. ಕಾಲು ಬರಲಿಲ್ಲ.

ಅವನು ಇಂದು ಇಲ್ಲಿಯೇ ಇದ್ದಾನೆ. ಬಾಗಿಲ ಹತ್ತಿರದ ಮೇಜಿನಲ್ಲಿ ಕುಳಿತು ಪುಸ್ತಕಗಳಿಗೆ ಗೆರೆ ಎಳೆಯುತ್ತಿದ್ದಾನೆ. ಹೋಗುವಾಗ ಒಬ್ಬೊಬ್ಬರೂ ಒಂದೊಂದು ತೆಗೆದುಕೊಳ್ಳಿ, ಹಣ ಬೇಡ. ಮೊದಲ ಪುಟದಲ್ಲಿ ಮನೆಯವರ ಫೋನು ನಂಬರು ಮತ್ತು ರಕ್ತದ ಗುಂಪು ಬರೆಯಿರಿ. ಬರೆಯಲು ಬಾರದವರಿಗೆ ಅವನೇ ಬರೆದು ಕೊಡುತ್ತಾನೆ, ತಿಂಗಳಿಗೊಮ್ಮೆ ತಂದರೆ ಉಳಿದದ್ದನ್ನೂ ತುಂಬಿಸಿಕೊಡುತ್ತಾನೆ. ಇ-ಶ್ರಮ್ ಕಾರ್ಡು ಮಾಡಿಸದವರು, ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆಗೆ ಬ್ಯಾಂಕಿನಲ್ಲಿ ಬರೆದುಕೊಡದವರು ಕೈ ಎತ್ತಿ. ಫಾರಮುಗಳು ನಮ್ಮ ಬಳಿ ಇವೆ. ಚಹಾ ಬಂತು. ಪ್ರಶ್ನೆಗಳಿದ್ದರೆ ಕುಡಿಯುತ್ತಲೇ ಕೇಳಿ. ಘಾಟಿಯ ಪ್ರಶ್ನೆಗಳನ್ನು ಮಾತ್ರ ನಮ್ಮನ್ನಲ್ಲ, ಮುಂದಿನ ಸಾಲಿನವರನ್ನು ಕೇಳಿ.